ಬಾಕಿ ನಿಂತ ಬಾಡಿಗೆ

ಕನ್ನಡದಲ್ಲಿ ಎಂ.ಎ. ಮಾಡಿದವನು ಎಂಬ ಒಂದೇ ಕಾರಣದಿಂದ ಬೆಂಗಳೂರಿನ ನಮ್ಮ ಬೀದಿಯಲ್ಲಿ ನನಗೊಂದು ವಿಚಿತ್ರ ಕೀರ್ತಿ ಪ್ರಾಪ್ತವಾಗಿದೆ. ಮದುವೆಯ ಲಗ್ನಪತ್ರಿಕೆಯಾಗಲಿ, ವೈಕುಂಠ ಸಮಾರಾಧನೆಯ ಕಾಗದವಾಗಲಿ, ಚರಂಡಿ ಕಟ್ಟಿಕೊಂಡ ಬಗ್ಗೆ ನಗರಪಾಲಿಕೆಗೆ ಅರ್ಜಿಯಾಗಲಿ, ಒಕ್ಕಣೆ ಮಾತ್ರ ನನ್ನದೇ ಆಗಬೇಕು. ಆದ್ದರಿಂದ 2025ರ ಮಾರ್ಚ್ ತಿಂಗಳ ಎರಡನೆಯ ವಾರದಲ್ಲಿ ಒಂದು ಸಂಜೆ ಎದುರುಮನೆಯ ಮೇಷ್ಟ್ರು ರಸೀದಿ ಪುಸ್ತಕವೊಂದನ್ನು ಕಂಕುಳಲ್ಲಿ ಇರುಕಿಕೊಂಡು ನಮ್ಮ ಮನೆಯ ಮೆಟ್ಟಿಲು ಹತ್ತಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಮೇಷ್ಟ್ರಿಗೆ ಎಪ್ಪತ್ತನಾಲ್ಕು ವರ್ಷ. ಖಾಸಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಪಿಂಚಣಿ ಎಂಬುದು ಇಲ್ಲ. ಭವಿಷ್ಯನಿಧಿಯ ಹಣವನ್ನೆಲ್ಲ ಸುರಿದು ಮನೆಯ ಮೇಲೆ ಒಂದು ಅಂತಸ್ತು ಕಟ್ಟಿಸಿದರು. ಅದರಿಂದ ಬರುವ ಬಾಡಿಗೆಯೇ ಅವರ ಪಿಂಚಣಿ. ಪತ್ನಿಯ ಔಷಧ, ಅಡಿಗೆಯ ಅನಿಲ, ಮನೆಯ ಕಂದಾಯ ಎಲ್ಲವೂ ಅದರಿಂದಲೇ ನಡೆಯಬೇಕು. ಮೇಲಿನ ಬಾಡಿಗೆದಾರರು ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ಬರೆಯುವವರು. ಹೆಂಡತಿ, ಇಬ್ಬರು ಮಕ್ಕಳು, ವೃದ್ಧೆ ತಾಯಿ. ತಿಂಗಳಿಗೆ ಹದಿನಾಲ್ಕು ಸಾವಿರ ಬಾಡಿಗೆ, ಒಂದು ಲಕ್ಷ ಮುಂಗಡ. 2024ರ ಮಾರ್ಚಿನಿಂದ ಹನ್ನೆರಡು ತಿಂಗಳು ಒಂದು ಕಾಸೂ ಬಂದಿಲ್ಲ. ಅದಲ್ಲದೆ 2020ರ ಲಾಕ್‌ಡೌನ್ ಕಾಲದ ಏಪ್ರಿಲ್‌ನಿಂದ ಜುಲೈವರೆಗಿನ ನಾಲ್ಕು ತಿಂಗಳು, ಆಗಿನ ದರದಂತೆ ಹನ್ನೆರಡು ಸಾವಿರದ ಲೆಕ್ಕದಲ್ಲಿ ನಲವತ್ತೆಂಟು ಸಾವಿರ, ಹಾಗೆಯೇ ನಿಂತಿದೆ.

“ನೋಡಪ್ಪಾ, ಓದಿದ ತಕ್ಷಣ ಅವನ ಮನಸ್ಸು ಕರಗುವ ಹಾಗೆ ಒಂದು ಕಾಗದ ಬರೆದುಕೊಡು” ಎಂದರು. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ನನ್ನನ್ನು ಬಲ್ಲ ಹಿರಿಯರು. ಏಕವಚನ ಅವರ ಹಕ್ಕು.

ಬರೆದೆ. ಬಹಳ ಚೆನ್ನಾಗಿಯೇ ಬರೆದೆನೆಂದು ನನ್ನ ನಂಬಿಕೆ. ಇಳಿವಯಸ್ಸಿನ ಅಸಹಾಯಕತೆ, ನಂಬಿಕೆಯ ಬೆಲೆ, ಆಡಿದ ಮಾತಿಗೆ ಇರಬೇಕಾದ ತೂಕ ಎಲ್ಲವೂ ಅದರಲ್ಲಿತ್ತು. ಆದರೆ ಅಂಚೆಗೆ ಹಾಕುವ ಮೊದಲು ನನ್ನ ಹೆಂಡತಿಯ ಸೋದರಮಾವನವರಿಗೆ ಒಮ್ಮೆ ತೋರಿಸೋಣವೆಂದು ಬುದ್ಧಿ ಬಂದುದು ಮೇಷ್ಟ್ರ ಪುಣ್ಯ. ಮಾವನವರು ನಲವತ್ತು ವರ್ಷ ಸಿವಿಲ್ ಕೋರ್ಟುಗಳಲ್ಲಿ ವಕೀಲಿ ಮಾಡಿದವರು. ಅವರು ಕಾಗದವನ್ನು ಕೈಗೆ ತೆಗೆದುಕೊಂಡು, ಕೆಂಪು ಪೆನ್ನಿನಿಂದ ವಿಶೇಷಣಗಳನ್ನು ಒಂದೊಂದಾಗಿ ಹೊಡೆದುಹಾಕುತ್ತ ಹೋದರು. ಎರಡು ಪುಟದ ಗದ್ಯದಲ್ಲಿ ಕೊನೆಗೆ ಉಳಿದದ್ದು ವಿಳಾಸ ಮತ್ತು ದಿನಾಂಕ.

“ಅಳಿಯಂದಿರೇ, ಇದು ಕಾದಂಬರಿಯಲ್ಲ, ನೋಟೀಸು. ಯಾವ ಮನೆ, ಯಾವ ತಾರೀಖಿನಿಂದ ಬಾಡಿಗೆ, ಎಷ್ಟು ಬಾಡಿಗೆ, ಯಾವ ಯಾವ ತಿಂಗಳು ಬಾಕಿ, ಒಟ್ಟು ಎಷ್ಟು. ಇದಿಷ್ಟು ಕೊಡಿ ಎಂಬ ಮಾತು. ಬಾಡಿಗೆಯ ಕರಾರು ಇಂತಹ ದಿನಕ್ಕೆ ಮುಗಿಯಿತು, ಮನೆ ಬಿಡಿ ಎಂಬ ಮಾತು. ಇನ್ನೊಂದು ಪದ ಬೇಡ” ಎಂದರು. ಅನಂತರ ಮೇಷ್ಟ್ರ ರಸೀದಿ ಪುಸ್ತಕವನ್ನು ತೆರೆದರು. ಅದರ ಹಾಳೆ ತಿರುವುತ್ತಿದ್ದಂತೆ ಅವರ ಮುಖ ಸಣ್ಣದಾಯಿತು.

ಬಾಡಿಗೆಯ ಬಾಕಿಗೆ ಕಾನೂನು ಕೊಟ್ಟಿರುವ ಆಯುಷ್ಯ ಮೂರು ವರ್ಷ. 1963ರ ಅವಧಿ ಕಾಯಿದೆಯ 52ನೆಯ ಕಲಮಿನಂತೆ, ಬಾಡಿಗೆ ಸಲ್ಲಬೇಕಾದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡದಿದ್ದರೆ ಕೋರ್ಟಿನ ಬಾಗಿಲು ಆ ತಿಂಗಳ ಮಟ್ಟಿಗೆ ಮುಚ್ಚಿಹೋಗುತ್ತದೆ. ಪ್ರತಿಯೊಂದು ತಿಂಗಳ ಬಾಡಿಗೆಗೂ ಅದರದರದೇ ಗಡುವು. ಹಾಗಾದರೆ 2020ರ ಬಾಕಿ 2023ರಲ್ಲಿಯೇ ಸತ್ತಿರಬೇಕಾಗಿತ್ತು. ಆದರೆ ಕೋವಿಡ್ ಕಾಲದಲ್ಲಿ ಸುಪ್ರೀಂ ಕೋರ್ಟು 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಇಡೀ ದೇಶಕ್ಕೆ ಲೆಕ್ಕದಿಂದ ಬಿಟ್ಟುಕೊಟ್ಟಿತ್ತು. ಆ ಪ್ರಕಾರ ಮೇಷ್ಟ್ರ ಮೂರು ವರ್ಷ ಆರಂಭವಾದದ್ದು 2022ರ ಮಾರ್ಚ್ 1ರಂದು. ಮುಗಿದದ್ದು 2025ರ ಫೆಬ್ರವರಿ ತಿಂಗಳ ಕೊನೆಯ ದಿನ. ಅವರು ನಮ್ಮ ಮನೆಗೆ ಬಂದದ್ದು ಮಾರ್ಚ್ ಎರಡನೆಯ ವಾರ.

“ಹದಿನೈದು ದಿನ” ಎಂದರು ಮಾವನವರು.

ಇಷ್ಟೇ ಆಗಿದ್ದರೆ ತಡಮಾಡಿದ ತಪ್ಪೆಂದು ಸುಮ್ಮನಾಗಬಹುದಿತ್ತು. ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿತ್ತು. 2020ರ ಆಗಸ್ಟ್‌ನಿಂದ 2024ರ ಫೆಬ್ರವರಿಯವರೆಗೆ ಬಾಡಿಗೆದಾರರು ತಪ್ಪದೆ ತಿಂಗಳು ತಿಂಗಳೂ ಹಣ ಕೊಟ್ಟಿದ್ದಾರೆ. ಇಂತಹ ತಿಂಗಳಿಗೆಂದು ಬಾಯಿ ಬಿಟ್ಟು ಹೇಳಿದ್ದಿಲ್ಲ. ಗಣಿತದ ಮೇಷ್ಟ್ರು ಶಿಸ್ತಿನ ಮನುಷ್ಯರು. ನಲವತ್ತಮೂರು ರಸೀದಿಗಳಲ್ಲಿಯೂ ದುಂಡಾದ ಅಕ್ಷರದಲ್ಲಿ ‘ಆಗಸ್ಟ್ ತಿಂಗಳ ಬಾಡಿಗೆ’, ‘ಸೆಪ್ಟೆಂಬರ್ ತಿಂಗಳ ಬಾಡಿಗೆ’ ಎಂದು ಆಯಾ ತಿಂಗಳ ಹೆಸರನ್ನು ಬರೆದಿದ್ದಾರೆ. 1872ರ ಕರಾರು ಕಾಯಿದೆಯ 60ನೆಯ ಪ್ರಕರಣ ಹೇಳುವುದು ಏನೆಂದರೆ: ಸಾಲಗಾರನು ತಾನು ಕೊಡುವ ಹಣ ಯಾವ ಬಾಕಿಗೆ ಎಂದು ಸೂಚಿಸದಿದ್ದ ಪಕ್ಷದಲ್ಲಿ, ಸಾಲ ಕೊಟ್ಟವನು ಅದನ್ನು ತನ್ನ ಇಷ್ಟದ ಬಾಕಿಗೆ, ಅವಧಿ ಮೀರಿದ ಬಾಕಿಗೆ ಕೂಡ, ಜಮಾ ಮಾಡಿಕೊಳ್ಳಬಹುದು. ಇಬ್ಬರೂ ಏನನ್ನೂ ಹೇಳದಿದ್ದರೆ 61ನೆಯ ಪ್ರಕರಣದಂತೆ ಹಣ ತಾನಾಗಿಯೇ ಹಳೆಯ ಬಾಕಿಗೆ ಮೊದಲು ಸಲ್ಲುತ್ತದೆ. ಮೇಷ್ಟ್ರು ತಿಂಗಳ ಹೆಸರು ಬರೆಯದೆ ಬರಿಯ ‘ಬಾಡಿಗೆ ಬಾಬ್ತು ಸಂದಿದೆ’ ಎಂದು ಬರೆದಿದ್ದರೂ ಸಾಕಾಗಿತ್ತು. ಹಳೆಯ ನಾಲ್ಕು ತಿಂಗಳು ಮೊದಲು ತೀರಿಹೋಗಿ, ಬಾಕಿಯೆಲ್ಲ ಇತ್ತೀಚಿನ ತಿಂಗಳುಗಳದಾಗಿ, ಒಂದು ರೂಪಾಯಿಯೂ ಮೂರು ವರ್ಷದ ಗೆರೆಯನ್ನು ದಾಟುತ್ತಿರಲಿಲ್ಲ. ಚೆನ್ನಾಗಿ ಬರೆದಿಟ್ಟ ಲೆಕ್ಕವೇ ಲೆಕ್ಕವನ್ನು ಕೆಡಿಸಿತ್ತು.

ಮೇಷ್ಟ್ರು ಆ ರಸೀದಿಗಳನ್ನು ಮತ್ತೆ ಮತ್ತೆ ತಿರುವಿ ನೋಡುತ್ತಿದ್ದುದನ್ನು ಕಂಡು ಮಾವನವರೇ ಸಮಾಧಾನ ಹೇಳಿದರು. ಅವಧಿ ಮೀರಿದರೆ ದಾವೆಯ ದಾರಿ ಮುಚ್ಚುತ್ತದೆಯೇ ಹೊರತು ಸಾಲವೇ ಇಲ್ಲವೆಂದಾಗುವುದಿಲ್ಲ. ಮುಂಗಡದ ಹಣ ಕೈಯಲ್ಲಿರುವುದರಿಂದ ಹಳೆಯ ಬಾಕಿಯನ್ನು ಅದರಲ್ಲಿ ಮುರಿದುಕೊಳ್ಳಲು ವಾದವುಂಟು. ಇಲ್ಲವೇ ಬಾಡಿಗೆದಾರರೇ ಒಪ್ಪಿ, ಆ ಹಳೆಯ ಸಾಲವನ್ನು ಕೊಡುತ್ತೇನೆಂದು ಬರೆದು ರುಜು ಹಾಕಿದರೆ, ಅದೇ ಕಾಯಿದೆಯ 25ನೆಯ ಪ್ರಕರಣದಂತೆ ಸತ್ತ ಸಾಲಕ್ಕೆ ಮತ್ತೆ ಜೀವ ಬರುತ್ತದೆ. ಇನ್ನೂ ಅವಧಿಯೊಳಗಿರುವ ಬಾಕಿಯಾದರೆ ‘ಇಷ್ಟು ಬಾಕಿಯಿರುವುದು ನಿಜ’ ಎಂಬ ಒಂದು ರುಜುವಾದ ಸಾಲು ಸಾಕು. ಆ ದಿನದಿಂದ ಹೊಸದಾಗಿ ಮೂರು ವರ್ಷ. ವರ್ಷಕ್ಕೊಮ್ಮೆ ಯುಗಾದಿಯ ಆಚೀಚೆ ಬಾಕಿಯ ಪಟ್ಟಿ ಬರೆದು ಬಾಡಿಗೆದಾರರ ರುಜು ತೆಗೆದುಕೊಳ್ಳುವುದು ಅಸಭ್ಯತೆಯಲ್ಲ. ಫೋನಿನಲ್ಲಿ ಕಳಿಸಿದ ‘ಮುಂದಿನ ತಿಂಗಳು ಖಂಡಿತ ಸಾರ್’ ಎಂಬ ಸಂದೇಶವನ್ನು ನೆಚ್ಚಿಕೊಂಡು ಕುಳಿತರೆ ಅದರ ಮೇಲೆಯೇ ಒಂದು ವ್ಯಾಜ್ಯ ನಡೆದೀತು.

ಈ ನಡುವೆ ಬೀದಿಯವರ ಸಲಹೆಗಳಿಗೇನೂ ಬರವಿರಲಿಲ್ಲ. ಮೂಲೆಮನೆಯ ಅಂಗಡಿಯವರು, “ಮೇಲಿನ ಟ್ಯಾಂಕಿಗೆ ನೀರು ಬಿಡಬೇಡಿ ಸ್ವಾಮಿ, ಎರಡೇ ದಿನ” ಎಂದರು. ಇನ್ನೊಬ್ಬರು ವಿದ್ಯುತ್ತಿನ ಫ್ಯೂಸು ಕೀಳಬೇಕೆಂದರು. ಬಾಡಿಗೆದಾರರು ಊರಿಗೆ ಹೋದಾಗ ಬೀಗ ಬದಲಿಸುವುದು ಮೂರನೆಯವರ ಉಪಾಯ. ಇದನ್ನೆಲ್ಲ ಕೇಳಿ ಮಾವನವರಿಗೆ ನಿಜವಾಗಿಯೂ ಸಿಟ್ಟು ಬಂದಿತು. ಕಾನೂನಿನ ಕ್ರಮದಿಂದಲ್ಲದೆ ಬಲದಿಂದ ಹೊರಹಾಕಲ್ಪಟ್ಟವನು, 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಪ್ರಕರಣದಂತೆ, ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಸ್ವಾಧೀನ ಪಡೆಯಬಹುದು. ಆ ದಾವೆಯಲ್ಲಿ ಮನೆ ಯಾರದೆಂಬ ಪ್ರಶ್ನೆಯನ್ನೇ ಕೋರ್ಟು ಎತ್ತುವುದಿಲ್ಲ. ಅವಧಿ ಮುಗಿದ ಅನುಭವದಾರನನ್ನು ಸಹ ಕಾನೂನಿನ ದಾರಿಯಿಂದಲ್ಲದೆ ಎಬ್ಬಿಸಬಾರದೆಂದು ಸುಪ್ರೀಂ ಕೋರ್ಟು 1989ರಲ್ಲಿ ಸ್ಪಷ್ಟವಾಗಿ ಹೇಳಿದೆ. “ಇವತ್ತು ಮೇಷ್ಟ್ರು ವಾದಿ. ಬೀಗ ಹಾಕಿದ ದಿನದಿಂದ ಅವರು ಪ್ರತಿವಾದಿ” ಎಂದರು.

ಬಾಡಿಗೆ ಬಾಕಿಗಾಗಿ ಒಕ್ಕಲಿನವನ ಸಾಮಾನನ್ನು ಮನೆಯ ಒಡೆಯನೇ ಜಪ್ತಿ ಮಾಡುವ ಹಕ್ಕು ಇಂಗ್ಲೆಂಡಿನಲ್ಲಿ ಶತಮಾನಗಳ ಕಾಲ ಇತ್ತು. ಅಲ್ಲಿಯೂ ಅದು 2014ರ ಏಪ್ರಿಲ್ 6ರಂದು ರದ್ದಾಯಿತು; ವ್ಯಾಪಾರದ ಕಟ್ಟಡಗಳಿಗೆ ಮಾತ್ರ ಕಟ್ಟುಪಾಡುಗಳಿಂದ ಕೂಡಿದ ಒಂದು ಹೊಸ ಕ್ರಮ ಉಳಿದಿದೆ.

‘ರೆಂಟ್ ಕಂಟ್ರೋಲ್’ ಎಂಬ ಹೆಸರು ಕೇಳಿದರೆ ನಮ್ಮ ಹಿರಿಯರು ಈಗಲೂ ಬೆಚ್ಚುತ್ತಾರೆ. ಅದು 1961ರ ಕಾಯಿದೆಯ ನೆನಪು. ಅದರ ಜಾಗದಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದಿತು. ಬೆಂಗಳೂರಿನಂತಹ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಅನ್ವಯಿಸುವ ಕಡೆ, ಬಾಕಿ ಕೇಳಿ ನೋಟೀಸು ಕೊಟ್ಟು ಎರಡು ತಿಂಗಳು ಕಾದು, ಆಮೇಲೆ ಮನೆ ಬಿಡಿಸಲು ಅರ್ಜಿ ಹಾಕಬೇಕು. ಮೇಷ್ಟ್ರ ಮನೆಯಂತಹವುಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಗತಿ. ತಿಂಗಳ ಬಾಡಿಗೆಯ ಮನೆಗೆ ಅದರ 106ನೆಯ ಪ್ರಕರಣದಂತೆ ಹದಿನೈದು ದಿನದ ನೋಟೀಸು ಸಾಕು. ಕೇಂದ್ರ ಸರ್ಕಾರವು 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯ ಮಾತನ್ನು ಕೆಲವರು ಎತ್ತುತ್ತಾರೆ. ಅದು ಮಾದರಿ ಮಾತ್ರ; ರಾಜ್ಯವು ತಾನಾಗಿ ಶಾಸನ ಮಾಡಿದ ಹೊರತು ಅದರಿಂದ ಯಾರ ಮನೆಯೂ ಖಾಲಿಯಾಗದು.

ಕರಾರುಪತ್ರದ ವಿಷಯದಲ್ಲಿ ಮೇಷ್ಟ್ರು ಅದೃಷ್ಟವಂತರು. ಹನ್ನೊಂದು ತಿಂಗಳ ಪತ್ರ, ಸರಿಯಾದ ಸ್ಟಾಂಪಿನ ಮೇಲೆ. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಪತ್ರವನ್ನು ನೋಂದಾಯಿಸಲೇಬೇಕೆಂಬುದು 1908ರ ನೋಂದಣಿ ಕಾಯಿದೆಯ ನಿಯಮ. ಈ ಹನ್ನೊಂದರ ಮಹಿಮೆಯೆಲ್ಲ ಅಲ್ಲಿಂದ ಹುಟ್ಟಿದ್ದು. ಸ್ಟಾಂಪು ಕಡಿಮೆಯಾದರೆ ಕೊರತೆಯ ಸುಂಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟುವವರೆಗೆ ಆ ಪತ್ರವನ್ನು ಕೋರ್ಟು ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ. ನೂರಿನ್ನೂರು ಉಳಿಸಲು ಹೋಗಿ ಸಿಕ್ಕಿಬೀಳುವವರು ಬಹಳ.

ನೋಟೀಸು ರಿಜಿಸ್ಟರ್ ಅಂಚೆಯಲ್ಲಿ ಹೋಯಿತು. (ಆ ಸೇವೆ ಅದೇ ವರ್ಷ ಸ್ಪೀಡ್ ಪೋಸ್ಟಿನಲ್ಲಿ ಲೀನವಾಯಿತು.) ಬಾಡಿಗೆದಾರರು ತೆಗೆದುಕೊಳ್ಳದಿದ್ದರೆ ಗತಿಯೇನೆಂದು ಮೇಷ್ಟ್ರಿಗೆ ಚಿಂತೆ. ಸರಿಯಾದ ವಿಳಾಸಕ್ಕೆ ಹೋಗಿ ‘ನಿರಾಕರಿಸಿದ್ದಾರೆ’ ಎಂಬ ಷರಾದೊಡನೆ ಹಿಂದಿರುಗಿದ ಲಕೋಟೆಯೂ ಮುಟ್ಟಿದ ಲಕೋಟೆಯೆಂದೇ ಕಾನೂನಿನ ಭಾವನೆ. ಅದನ್ನು ಒಡೆಯದೆ ಹಾಗೆಯೇ ಇಟ್ಟುಕೊಳ್ಳಬೇಕು, ಅಷ್ಟೆ. ಇನ್ನೊಂದು ಎಚ್ಚರಿಕೆಯನ್ನು ಮಾವನವರು ತಮ್ಮ ಹಳೆಯ ಕಕ್ಷಿಗಾರರೊಬ್ಬರ ಕಥೆಯೊಡನೆ ಹೇಳಿದರು. ನೋಟೀಸಿನ ಗಡುವು ಮುಗಿದ ಮೇಲಿನ ತಿಂಗಳ ಬಾಡಿಗೆಯನ್ನು ಬಾಡಿಗೆಯೆಂದೇ ಸ್ವೀಕರಿಸಿದರೆ ನೋಟೀಸನ್ನು ಬಿಟ್ಟುಕೊಟ್ಟಂತೆ ಎಂದು 113ನೆಯ ಪ್ರಕರಣ ಎಣಿಸುತ್ತದೆ. ಹಿಂದೆ ಕೈಯೊಡ್ಡದಿದ್ದರೆ ಸಾಕಿತ್ತು. ಈಗ ಫೋನಿನ ಮೂಲಕ ಹಣ ನಮ್ಮನ್ನು ಕೇಳದೆಯೇ ಖಾತೆಗೆ ಬಂದು ಬೀಳುತ್ತದೆ! ಆ ಕಕ್ಷಿಗಾರರು ಮೂರು ತಿಂಗಳು ಸುಮ್ಮನಿದ್ದು, ಕೊನೆಗೆ ಹೊಸ ನೋಟೀಸು ಕೊಡಬೇಕಾಯಿತು. ಹಣ ಬಂದ ದಿನವೇ ‘ಇದು ಬಾಡಿಗೆಯಲ್ಲ, ಅಕ್ರಮವಾಗಿ ಉಳಿದುದಕ್ಕೆ ನಷ್ಟಪರಿಹಾರದ ಲೆಕ್ಕಕ್ಕೆ ಜಮಾ’ ಎಂದು ಲಿಖಿತವಾಗಿ ತಿಳಿಸಿಬಿಡಬೇಕು.

ಮೇಷ್ಟ್ರ ಬಾಡಿಗೆದಾರರು ನೋಟೀಸನ್ನು ತೆಗೆದುಕೊಂಡರು. ಏಪ್ರಿಲ್‌ನಲ್ಲಿ ಕೆಳಗಿಳಿದು ಬಂದು ಐವತ್ತು ಸಾವಿರದ ಚೆಕ್ಕೊಂದನ್ನು ಕೊಟ್ಟು ಹೋದರು. ಮೇಷ್ಟ್ರ ಪತ್ನಿ ಆ ದಿನ ದೇವರಿಗೆ ತುಪ್ಪದ ದೀಪ ಹಚ್ಚಿದರಂತೆ. ವಾರದಲ್ಲಿ ಚೆಕ್ಕು ಹಿಂದಿರುಗಿತು, ಖಾತೆಯಲ್ಲಿ ಹಣ ಸಾಲದೆಂದು.

ಇಲ್ಲಿ ದಿನಗಳನ್ನು ಬೆರಳಲ್ಲಿ ಎಣಿಸಬೇಕು. 1881ರ ಕಾಯಿದೆಯ 138ನೆಯ ಪ್ರಕರಣದಂತೆ, ಬ್ಯಾಂಕಿನ ತಿಳಿವಳಿಕೆ ಬಂದ ಮೂವತ್ತು ದಿನದೊಳಗೆ ಲಿಖಿತ ನೋಟೀಸು. ಅದು ಮುಟ್ಟಿದ ಮೇಲೆ ಹಣ ಕೊಡಲು ಹದಿನೈದು ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರಲ್ಲಿ ದೂರು. ಎರಡು ವರ್ಷದವರೆಗೆ ಸೆರೆ ಅಥವಾ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ ಅಥವಾ ಎರಡೂ. ಸಿವಿಲ್ ದಾವೆಗೆ ಮಿಸುಕದವರೂ ಇದಕ್ಕೆ ಮಿಸುಕುವುದುಂಟು. ಮೇಷ್ಟ್ರು ಆ ಚೆಕ್ಕನ್ನು ಸಿಟ್ಟಿನಿಂದ ಹರಿದುಹಾಕುವುದರಲ್ಲಿದ್ದರು; ನಾನು ಕಸಿದುಕೊಂಡೆ. ಈ ಪ್ರಕರಣದಲ್ಲಿ ನಾನು ಮಾಡಿದ ಏಕೈಕ ಉಪಯುಕ್ತ ಕಾರ್ಯ ಅದು.

ದೂರೂ ಹೋಯಿತು, ಜೂನ್‌ನಲ್ಲಿ ಮನೆ ಮತ್ತು ಬಾಕಿ ಎರಡನ್ನೂ ಒಟ್ಟಿಗೆ ಕೇಳುವ ದಾವೆಯೂ ಹೋಯಿತು. ಮನೆಯ ಬೆಲೆಯ ಮೇಲೆ ಕೋರ್ಟು ಶುಲ್ಕ ಬಿದ್ದೀತೆಂದು ಮೇಷ್ಟ್ರು ಹೆದರಿದ್ದರು. ಬಾಡಿಗೆದಾರನ ಮೇಲಿನ ದಾವೆಯಲ್ಲಿ ಸ್ವಾಧೀನಕ್ಕಾಗಿ ಶುಲ್ಕವನ್ನು ಲೆಕ್ಕ ಹಾಕುವುದು ಹಿಂದಿನ ಒಂದು ವರ್ಷದ ಬಾಡಿಗೆಯ ಮೇಲೆ. ಬಾಕಿ ಹಣವೊಂದನ್ನೇ ಕೇಳುವುದಾಗಿದ್ದು, ಲಿಖಿತ ಕರಾರಿದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 37ನೆಯ ಆದೇಶದ ಸಂಕ್ಷಿಪ್ತ ದಾವೆ ಇನ್ನೂ ಚುರುಕು. ಅದರಲ್ಲಿ ಪ್ರತಿವಾದಿ ಹತ್ತು ದಿನದೊಳಗೆ ಹಾಜರಿ ಹಾಕಬೇಕು. ವಾದಿಸಲು ಕೋರ್ಟಿನ ಅನುಮತಿಯನ್ನೂ ಬೇಡಬೇಕು. ಆದರೆ ಆ ದಾರಿಯಲ್ಲಿ ಮನೆ ಬಿಡಿಸಲು ಬರುವುದಿಲ್ಲ.

“ಡಿಕ್ರಿ ಬಂದರೆ ದುಡ್ಡು ಬಂದಂತೆ ತಾನೆ?” ಎಂದು ಮೇಷ್ಟ್ರು ಕೇಳಿದ್ದಕ್ಕೆ ಮಾವನವರು ಬಹಳ ಹೊತ್ತು ನಕ್ಕರು.

ಡಿಕ್ರಿಯನ್ನು ಜಾರಿ ಮಾಡಲು ಹನ್ನೆರಡು ವರ್ಷ ಕಾಲಾವಕಾಶವಿದೆ. ಜಪ್ತಿ ಮಾಡಲು ಸಾಲಗಾರನಲ್ಲಿ ಏನಾದರೂ ಇರಬೇಕಲ್ಲ? ಸಿವಿಲ್ ಸಂಹಿತೆಯ 60ನೆಯ ಪ್ರಕರಣ ಏನನ್ನು ಮುಟ್ಟಬಾರದೆಂದು ಪಟ್ಟಿ ಮಾಡಿದೆ. ಸಾಲಗಾರನ, ಅವನ ಹೆಂಡತಿ ಮಕ್ಕಳ ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ; ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಬಾರದ ಆಭರಣ; ಕುಶಲಕರ್ಮಿಯ ಉಪಕರಣ; ಕೂಲಿಯವರ, ಮನೆಗೆಲಸದವರ ಸಂಬಳ. 1908ರ ಆ ಸಂಹಿತೆಯನ್ನು ಬರೆದವರು ಜಪ್ತಿಯ ಅಮೀನನನ್ನು ಅಡಿಗೆಮನೆಯ ಹೊಸ್ತಿಲಿನ ಹೊರಗೇ ನಿಲ್ಲಿಸಿದ್ದಾರೆ. ಕಾನೂನಿನ ಪುಸ್ತಕದಲ್ಲಿ ನಾನು ಇಂತಹದನ್ನು ನಿರೀಕ್ಷಿಸಿರಲಿಲ್ಲ. ತಿಂಗಳ ಸಂಬಳದಲ್ಲಿ ಮೊದಲ ಸಾವಿರ ರೂಪಾಯಿಯನ್ನೂ ಉಳಿದುದರಲ್ಲಿ ಮೂರನೆಯ ಎರಡು ಪಾಲನ್ನೂ ಬಿಡಬೇಕು. ಬಾಡಿಗೆದಾರರ ಸಂಬಳ ಮೂವತ್ತೊಂದು ಸಾವಿರ; ಅಂದರೆ ತಿಂಗಳಿಗೆ ಹೆಚ್ಚೆಂದರೆ ಹತ್ತು ಸಾವಿರ ಸಿಕ್ಕೀತು. ಅದೂ ಒಂದು ಡಿಕ್ರಿಗೆ ಒಟ್ಟು ಇಪ್ಪತ್ತನಾಲ್ಕು ತಿಂಗಳು ಮಾತ್ರ. ಸಾಲಕ್ಕಾಗಿ ಸೆರೆಮನೆಯ ಮಾತಂತೂ ದೂರ. ಹೆಂಗಸರನ್ನು ಹಣದ ಡಿಕ್ರಿಗಾಗಿ ಬಂಧಿಸುವಂತೆಯೇ ಇಲ್ಲ. ಗಂಡಸರನ್ನಾದರೂ, ಇದ್ದೂ ಕೊಡದ ದುರ್ಬುದ್ಧಿ ಸಿದ್ಧಪಟ್ಟರೆ ಮಾತ್ರ. ಬಡತನವೊಂದಕ್ಕಾಗಿ ಸೆರೆಗೆ ಹಾಕುವುದು ಸಲ್ಲದೆಂದು 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ತೀರ್ಪಿತ್ತಿದ್ದಾರೆ.

ಈ ಲೆಕ್ಕವನ್ನು ಕೇಳಿದ ಮೇಲೆ ಮೇಷ್ಟ್ರು ರಾಜಿಗೆ ಒಪ್ಪಿದರು. ಮೇಲಿನವರೂ ಒಪ್ಪಿದರು, ಚೆಕ್ಕಿನ ದೂರು ಅವರ ನಿದ್ರೆ ಕೆಡಿಸಿತ್ತು. ಸೆಪ್ಟೆಂಬರಿನ ಲೋಕ ಅದಾಲತ್ತಿನಲ್ಲಿ ಎರಡೂ ಕಡೆಯವರು ಒಂದೇ ಮೇಜಿನ ಎದುರು ಕುಳಿತರು. ಅಕ್ಟೋಬರ್ 31ಕ್ಕೆ ಮನೆ ಬಿಡುವುದು. ಅಲ್ಲಿಯವರೆಗೆ ಇಪ್ಪತ್ತು ತಿಂಗಳ ಬಾಬ್ತು ಎರಡು ಲಕ್ಷ ಎಂಬತ್ತು ಸಾವಿರ. ಹಳೆಯ ನಲವತ್ತೆಂಟು ಸಾವಿರದ ಮಾತನ್ನು ಮೇಷ್ಟ್ರು ಎತ್ತಲೇ ಇಲ್ಲ. ಎತ್ತಿದರೆ ರಾಜಿ ಮುರಿದೀತೆಂಬ ಅಂಜಿಕೆ. ಎತ್ತಿದವರು ಬಾಡಿಗೆದಾರರ ಹೆಂಡತಿ. “ಆ ನಾಲ್ಕು ತಿಂಗಳೂ ನಾವು ಇವರ ಮನೆಯಲ್ಲೇ ಇದ್ದೆವಲ್ಲ. ಅಮ್ಮ ಕೆಳಗಿನಿಂದ ಸಾರು ಕಳಿಸುತ್ತಿದ್ದರು. ಅದನ್ನೂ ಬರೆದುಕೊಳ್ಳಿ” ಎಂದರು. ಗಂಡ ಒಂದು ಕ್ಷಣ ತಲೆ ತಗ್ಗಿಸಿ ಕುಳಿತಿದ್ದು, ಆಮೇಲೆ ಹೂಂ ಎಂದರು. ಮುಂಗಡದ ಲಕ್ಷವನ್ನು ಮುರಿದುಕೊಂಡು ಉಳಿದ ಎರಡು ಲಕ್ಷ ಇಪ್ಪತ್ತೆಂಟು ಸಾವಿರದಲ್ಲಿ ಇಪ್ಪತ್ತೆಂಟು ಸಾವಿರ ಮನೆ ಬಿಡುವ ದಿನ. ಎರಡು ಲಕ್ಷ ಇಪ್ಪತ್ತು ಕಂತುಗಳಲ್ಲಿ, ತಿಂಗಳಿಗೆ ಹತ್ತು ಸಾವಿರ. ಜಪ್ತಿಯಿಂದ ಬರಬಹುದಾಗಿದ್ದ ಹತ್ತೇ ಸಾವಿರ! ಲೋಕ ಅದಾಲತ್ತಿನ ತೀರ್ಮಾನಕ್ಕೆ ಕೋರ್ಟಿನ ಡಿಕ್ರಿಯ ಬಲವಿದೆ, ಮೇಲ್ಮನವಿಯಿಲ್ಲ, ಕಟ್ಟಿದ ಕೋರ್ಟು ಶುಲ್ಕ ಹಿಂದಕ್ಕೆ ಬರುತ್ತದೆ. ಕಂತು ತಪ್ಪಿದರೆ ಹೊಸ ದಾವೆ ಬೇಡ, ನೇರವಾಗಿ ಜಾರಿಗೆ ಹಾಕಬಹುದು. ಚೆಕ್ಕಿನ ದೂರನ್ನು ಅಲ್ಲಿಯೇ ರಾಜಿಯಾಗಿ ಮುಗಿಸಿದರು.

ಅಕ್ಟೋಬರ್ ಕೊನೆಯ ದಿನ ಸಾಮಾನಿನ ಗಾಡಿ ಬಂದಿತು. ಕೆಳಗಿನ ಮನೆಯಲ್ಲಿ ವೃದ್ಧೆ ತಾಯಿಗೆ ಕುರ್ಚಿ ಹಾಕಿ ಕಾಫಿ ಕೊಟ್ಟರು. ಇಪ್ಪತ್ತೆಂಟು ಸಾವಿರ ಕೈಗೆ ಬಂದಾಗ ಮೇಷ್ಟ್ರು ರಸೀದಿ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, ಬರೆಯಲು ಹೋಗಿ ಕೈ ತಡೆದರು. ಬೀದಿಯ ಆಚೆಯಿಂದ ನನ್ನನ್ನು ಕೂಗಿದರು.

“ಏನಪ್ಪಾ, ತಿಂಗಳ ಹೆಸರು ಹಾಕಲೋ ಬೇಡವೋ? ಒಂದು ಸಲ ನಿಮ್ಮ ಮಾವನವರನ್ನು ಕೇಳಿಬಿಡು.”